ಹೆಗಡೆ ಅಂದರೆ ಯಾವ ಹೆಗಡೆ? ಕಿರುಪರಿಚಯದ ಫಲಕ ಬರೆಯುವಾಗ ಹೆಸರು ಬೆರೆಯದಂತೆ ಏನು ಮಾಡಬೇಕು

ಶಿರಸಿ_ಓದುಬಳಗ

ಎಲ್ಲರಿಗೂ ನಮಸ್ಕಾರ. ಹೆಗಡೆ ಅಡ್ಡಹೆಸರಿನ ಪ್ರಸಿದ್ಧರ ಕಿರುಪರಿಚಯದ ಫಲಕಗಳನ್ನು ಸಿದ್ಧಮಾಡುತ್ತಿದ್ದೇವೆ. ಹೈಸ್ಕೂಲ್ ಮಕ್ಕಳು ನಿಂತು ಓದುವಂಥದ್ದು. ಒಟ್ಟು 12 ಫಲಕ, ಎ3 ಅಳತೆ, ಒಂದೊಂದರಲ್ಲಿ ಒಂದು ಫೋಟೋ ಮತ್ತು 60ರಿಂದ 70 ಶಬ್ದ.

ಪಟ್ಟಿ ಮಾಡಲು ಕೂತಾಗಲೇ ತೊಡಕು ಶುರುವಾಯಿತು. ಯಕ್ಷಗಾನದಲ್ಲಿ ರಾಮಚಂದ್ರ ಹೆಗಡೆ ಇಬ್ಬರು. ಕೆರೆಮನೆಯ ಯಕ್ಷಗಾನ ಮನೆತನದಲ್ಲಿ ಶಿವರಾಮ, ಶಂಭು, ಮಹಾಬಲ, ಶಿವಾನಂದ. ಅನಂತ ಹೆಗಡೆ ಅಂದರೂ ಇಬ್ಬರು. ಅಂತರ್ಜಾಲದಲ್ಲಿ ಸಿಕ್ಕ ಪಟ್ಟಿಯಲ್ಲಿ ಕೆ. ಎಸ್. ಹೆಗ್ಡೆ, ಸಂತೋಷ ಹೆಗ್ಡೆ, ವೀರೇಂದ್ರ ಹೆಗ್ಗಡೆ ಎಲ್ಲರೂ ಒಟ್ಟಿಗೇ ಇದ್ದಾರೆ. ಮಾದರಿಗೆಂದು ಬರೆದ ಒಂದು ಫಲಕ ಇಲ್ಲಿದೆ:

"ರಾಮಚಂದ್ರ ಹೆಗಡೆ (1933–2017). ಹೊನ್ನಾವರದ ಪ್ರಸಿದ್ಧ ಯಕ್ಷಗಾನ ಕಲಾವಿದರು. ಅನೇಕ ಪ್ರಶಸ್ತಿಗಳಿಗೆ ಭಾಜನರಾದರು. ಇವರ ಅಭಿನಯ ಜನಮನ ಸೂರೆಗೊಂಡಿತು."

ನನ್ನ ಪ್ರಶ್ನೆ ಮೂರು. ಊರಿನ ಹೆಸರು ಹಿಂದೆ ಹಾಕಬೇಕೋ ಮುಂದೆ ಹಾಕಬೇಕೋ? ಹೆಗಡೆ, ಹೆಗ್ಡೆ, ಹೆಗ್ಗಡೆ ಮೂರನ್ನೂ ಒಂದೇ ಸಾಲಿನಲ್ಲಿ ಇಡಬಹುದೇ? ಇಷ್ಟೇ ಶಬ್ದಗಳಲ್ಲಿ ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು?

ಬಡಗು_ಚೌಕಿ

ನಿಮ್ಮ ಮಾದರಿಯಲ್ಲಿ ಹೆಸರು ಮತ್ತು ಇಸವಿಯ ಮೇಲೆ ಬೆರಳಿಟ್ಟು ಉಳಿದದ್ದನ್ನು ಓದಿ ನೋಡಿ. ಹೊನ್ನಾವರ ತಾಲೂಕಿನ ಯಾವ ವೇಷಧಾರಿಗೆ ಬೇಕಾದರೂ ಅದು ಒಪ್ಪುತ್ತದೆ. ಹೆಸರು ಒಂದೇ ಆದವರ ಪರಿಚಯ ಬರೆಯುವಾಗ ಇದೇ ದೊಡ್ಡ ದೋಷ. ಪ್ರತಿ ವಾಕ್ಯಕ್ಕೂ ಒಂದು ಪರೀಕ್ಷೆ ಇಟ್ಟುಕೊಳ್ಳಿ: ಈ ವಾಕ್ಯವನ್ನು ಕಿತ್ತು ಇನ್ನೊಬ್ಬ ಹೆಗಡೆಯವರ ಫಲಕಕ್ಕೆ ಅಂಟಿಸಿದರೆ ಹೊಂದುತ್ತದೆಯೇ? ಹೊಂದಿದರೆ ತೆಗೆದುಹಾಕಿ. "ಅನೇಕ ಪ್ರಶಸ್ತಿ", "ಜನಮನ ಸೂರೆ", "ಅಪ್ರತಿಮ ಸಾಧನೆ" ಇವೆಲ್ಲ ಆ ಪರೀಕ್ಷೆಯಲ್ಲಿ ಬಿದ್ದುಹೋಗುತ್ತವೆ. ನಿಮ್ಮ 70 ಶಬ್ದಗಳಲ್ಲಿ ಹದಿನೈದಾದರೂ ಅಲ್ಲೇ ಉಳಿಯುತ್ತವೆ.

ಈಗ ರಾಮಚಂದ್ರ ಹೆಗಡೇರ ವಿಷಯ. ಇಲ್ಲಿ ಕಷ್ಟ ಏನೆಂದರೆ ಇಬ್ಬರ ಹೆಸರೂ ಒಂದೇ, ಅಡ್ಡಹೆಸರೂ ಒಂದೇ, ಕಲೆಯೂ ಒಂದೇ, ತಿಟ್ಟೂ (ಯಕ್ಷಗಾನದ ಶೈಲಿ) ಒಂದೇ: ಬಡಗು. ಹಾಗಾಗಿ "ಯಕ್ಷಗಾನ ಕಲಾವಿದ" ಎಂಬ ಶಬ್ದದಿಂದ ಏನೂ ಪ್ರಯೋಜನವಿಲ್ಲ. ಬೇರೆ ಮಾಡುವುದು ಊರಿನ ಹೆಸರೊಂದೇ. ಚಿಟ್ಟಾಣಿ ರಾಮಚಂದ್ರ ಹೆಗಡೆ, ಕೊಂಡದಕುಳಿ ರಾಮಚಂದ್ರ ಹೆಗಡೆ. ಆಟ ನೋಡುವವರು "ಇವತ್ತು ಚಿಟ್ಟಾಣಿ ಕೀಚಕ" ಅಂತಾರೆಯೇ ಹೊರತು ರಾಮಚಂದ್ರ ಹೆಗಡೆ ಅನ್ನುವುದಿಲ್ಲ. ಆದ್ದರಿಂದ ಫಲಕದ ತಲೆಯಲ್ಲೂ ಊರಿನ ಹೆಸರೇ ಮೊದಲು, ಅದೇ ದಪ್ಪಕ್ಷರದಲ್ಲಿ ಬರಬೇಕು. ನಿಮ್ಮ ಮಾದರಿಯನ್ನು ನಾನಾದರೆ ಹೀಗೆ ತಿದ್ದುತ್ತೇನೆ:

"ಚಿಟ್ಟಾಣಿ ರಾಮಚಂದ್ರ ಹೆಗಡೆ. 1933–2017. ಹೊನ್ನಾವರ ತಾಲೂಕು. ಬಡಗುತಿಟ್ಟು ಯಕ್ಷಗಾನದ ವೇಷಧಾರಿ. ಕೀಚಕ, ಭಸ್ಮಾಸುರ, ಗದಾಯುದ್ಧದ ಕೌರವ ಇವರ ಹೆಸರಾದ ಪಾತ್ರಗಳು. 2012ರಲ್ಲಿ ಪದ್ಮಶ್ರೀ, ಯಕ್ಷಗಾನ ಕಲಾವಿದರೊಬ್ಬರಿಗೆ ಸಂದ ಮೊದಲ ಪದ್ಮಶ್ರೀ ಅದು. ಊರಿನ ಹೆಸರೇ ಮುಂದಿನ ತಲೆಮಾರುಗಳಿಗೆ ಅಡ್ಡಹೆಸರಾಗಿದೆ: ಸುಬ್ರಹ್ಮಣ್ಯ ಚಿಟ್ಟಾಣಿ, ಕಾರ್ತಿಕ ಚಿಟ್ಟಾಣಿ. ಪೂರ್ಣಚಂದ್ರ ಯಕ್ಷಗಾನ ಪ್ರತಿಷ್ಠಾನದ ಕೊಂಡದಕುಳಿ ರಾಮಚಂದ್ರ ಹೆಗಡೆ ಬೇರೆಯವರು."

ಕೊನೆಯ ಸಾಲು ಗಮನಿಸಿ. "ಇಂಥವರು ಬೇರೆಯವರು" ಎಂಬ ಒಂದು ಸಾಲು ಪ್ರತಿ ಫಲಕದ ಅಡಿಯಲ್ಲೂ ಇರಲಿ. ಏಳೆಂಟು ಶಬ್ದ ಖರ್ಚಾಗುತ್ತದೆ, ಆದರೆ ಮಕ್ಕಳಿಗೆ ನಿಜವಾಗಿ ಉಪಯೋಗಕ್ಕೆ ಬರುವ ಸಾಲು ಅದೇ.

ಕೆರೆಮನೆಯ ವಿಷಯಕ್ಕೆ ಬಂದರೆ ಪೆಟ್ಟು ಬೀಳುವುದು ಬೇರೆ ಕಡೆ. ಅಲ್ಲಿ ಊರಿನ ಹೆಸರು ಎಲ್ಲರಿಗೂ ಒಂದೇ, ಆದ್ದರಿಂದ "ಕೆರೆಮನೆ ಹೆಗಡೆ" ಎಂದರೆ ಯಾರೆಂದು ತಿಳಿಯುವುದಿಲ್ಲ. ಇಲ್ಲಿ ಇಸವಿ ಮತ್ತು ಸಂಬಂಧ ಎರಡನ್ನೂ ಹೇಳಲೇಬೇಕು. ಶಿವರಾಮ ಹೆಗಡೆ, 1908ರಿಂದ 1992. 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಕಟ್ಟಿದವರು. ಅವರ ಮಗ ಶಂಭು ಹೆಗಡೆ, 1938ರಿಂದ 2009. ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ರಂಗ ಶಿಕ್ಷಣ ಕೇಂದ್ರ ಸ್ಥಾಪಿಸಿದವರು. ಶಂಭು ಹೆಗಡೇರ ಮಗ ಶಿವಾನಂದ ಹೆಗಡೆ ಈಗ ಮಂಡಳಿ ನಡೆಸುತ್ತಿದ್ದಾರೆ. ಅಜ್ಜ ಶಿವರಾಮ, ಮೊಮ್ಮಗ ಶಿವಾನಂದ: ಇಬ್ಬರೂ ಒಂದೇ ಮಂಡಳಿಯ ಮುಖ್ಯಸ್ಥರಾದ್ದರಿಂದ ಅವಸರದಲ್ಲಿ ಬರೆಯುವವರು ಇಬ್ಬರನ್ನೂ ಅದಲುಬದಲು ಮಾಡುತ್ತಾರೆ.

ಮಹಾಬಲ ಹೆಗಡೇರನ್ನು ಇನ್ನೂ ಎಚ್ಚರದಿಂದ ಬರೆಯಿರಿ. ಅವರು 1927ರಲ್ಲಿ ಹುಟ್ಟಿ 2009ರ ಅಕ್ಟೋಬರಿನಲ್ಲಿ ತೀರಿಕೊಂಡರು. ಶಂಭು ಹೆಗಡೆ ತೀರಿಕೊಂಡಿದ್ದು ಅದೇ ವರ್ಷದ ಫೆಬ್ರವರಿಯಲ್ಲಿ. ಒಂದೇ ಮನೆತನ, ಒಂದೇ ವರ್ಷ. "ಕೆರೆಮನೆ ಹೆಗಡೆ ನಿಧನ, 2009" ಎಂಬ ಪತ್ರಿಕೆಯ ತುಣುಕು ಸಿಕ್ಕಿದರೆ ತಿಂಗಳು ನೋಡದೆ ಬಳಸಬೇಡಿ.

ಇನ್ನೊಂದು: ಮಂಡಳಿಯ ಹೆಸರಿನಲ್ಲಿ ಇಡಗುಂಜಿ ಇದೆ, ಆದರೆ ಅದು ದೇವರ ಹೆಸರು ಹೊತ್ತ ಮಂಡಳಿ. ನೆಲೆ ಗುಣವಂತೆಯ ಕೆರೆಮನೆ. "ಇಡಗುಂಜಿಯ ಶಿವರಾಮ ಹೆಗಡೆ" ಎಂದು ಬರೆದರೆ ತಪ್ಪು. ಯಕ್ಷಗಾನ ಮತ್ತು ಶಿವರಾಮ ಎಂಬ ಎರಡು ಶಬ್ದ ಕೊಟ್ಟು ಹುಡುಕಿದರೆ ಕೋಟದ ಶಿವರಾಮ ಕಾರಂತರೂ (1902–1997) ಬರುತ್ತಾರೆ. ಅವರೂ ಯಕ್ಷಗಾನಕ್ಕೆ ದುಡಿದವರೇ ಆದ್ದರಿಂದ ಬರೀ "ಶಿವರಾಮರ ಯಕ್ಷಗಾನ ಪ್ರಯೋಗ" ಎಂದಿರುವ ಬರಹ ಯಾರದ್ದೆಂದು ಪೂರ್ತಿ ಓದಿಯೇ ತೀರ್ಮಾನಿಸಬೇಕು.

ಹಳೇ_ದಫ್ತರ

ಬಡಗು_ಚೌಕಿಯವರು ಹೇಳಿದ್ದು ಯಕ್ಷಗಾನಕ್ಕೆ ಸರಿ. ಆದರೆ ಊರಿನ ಹೆಸರು ಯಾವಾಗಲೂ ಮುಂದೆಯೇ ಬರುವುದಿಲ್ಲ. ವೇಷಧಾರಿಗಳಿಗೆ ಮುಂದೆ, ರಾಜಕೀಯ ಮತ್ತು ಪರಿಸರ ಕೆಲಸದವರಿಗೆ ಹಿಂದೆ: ವಿಶ್ವೇಶ್ವರ ಹೆಗಡೆ ಕಾಗೇರಿ, ಅನಂತ ಹೆಗಡೆ ಅಶೀಸರ. ಜನ ಹೇಗೆ ಕರೆಯುತ್ತಾರೋ ಹಾಗೇ ಇಡಿ, ಏಕರೂಪಕ್ಕಾಗಿ "ಕಾಗೇರಿ ವಿಶ್ವೇಶ್ವರ ಹೆಗಡೆ" ಎಂದು ತಿರುಗಿಸಬೇಡಿ. ಹೆಸರಿನಲ್ಲಿ ಊರೇ ಇಲ್ಲದವರೂ ಇದ್ದಾರೆ. ವಿಜ್ಞಾನ ಮತ್ತು ಪರಿಸರ ಬರಹಗಾರ ನಾಗೇಶ ಹೆಗಡೆ (ಜನನ 1948) ಶಿರಸಿ ತಾಲೂಕಿನ ಬಕ್ಕೆಮನೆಯವರು. ಹಿಂದೂಸ್ತಾನಿ ಗಾಯಕ ಪರಮೇಶ್ವರ ಹೆಗಡೆ ಬಸವರಾಜ ರಾಜಗುರುಗಳ ಶಿಷ್ಯರು. ಇಂಥವರಿಗೆ ಊರನ್ನು ಹೆಸರಿಗೆ ಅಂಟಿಸದೆ ಎರಡನೇ ಸಾಲಿನಲ್ಲಿ ಊರನ್ನೋ ಗುರುವನ್ನೋ ಹೇಳಿ.

ಈಗ ಹೆಗಡೆ, ಹೆಗ್ಡೆ, ಹೆಗ್ಗಡೆ. ಮೂಲ ಒಂದೇ: ಶಾಸನಗಳ ಪೆರ್ಗಡೆ. ಊರಿನ ಮುಖ್ಯಸ್ಥ, ಅಧಿಕಾರಿ ಎಂಬರ್ಥದ ಪದವಿ. ಪದವಿಯಾದ್ದರಿಂದಲೇ ಅದು ಘಟ್ಟದ ಮೇಲೂ ಕೆಳಗೂ ಬೇರೆ ಬೇರೆ ಸಮುದಾಯಗಳಲ್ಲಿ ಉಳಿದಿದೆ, ಅಡ್ಡಹೆಸರು ಒಂದೇ ಅಂದಮಾತ್ರಕ್ಕೆ ನೆಂಟಸ್ತಿಕೆ ಇಲ್ಲ. ಸಾಮಾನ್ಯವಾಗಿ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹೆಗಡೆ ಎಂದು ಬರೆಯುತ್ತಾರೆ, ಉಡುಪಿ ಮತ್ತು ದಕ್ಷಿಣ ಕನ್ನಡದ ಕಡೆ ಹೆಗ್ಡೆ, ಧರ್ಮಸ್ಥಳದವರು ಹೆಗ್ಗಡೆ. ಇಂಗ್ಲಿಷ್ ಪಟ್ಟಿಯಿಂದ ಇಳಿಸಿಕೊಂಡಾಗ ಈ ವ್ಯತ್ಯಾಸ ಅಳಿಸಿಹೋಗುತ್ತದೆ, ಅದಕ್ಕೇ ನಿಮ್ಮ ಪಟ್ಟಿ ಕಲಸುಮೇಲೋಗರ ಆಗಿದ್ದು. ಸಾಲದ್ದಕ್ಕೆ ಕುಮಟಾ ತಾಲೂಕಿನಲ್ಲಿ ಹೆಗಡೆ ಎಂಬ ಊರೇ ಇದೆ. "ಹೆಗಡೆಯವರು" ಎಂದಿದ್ದರೆ ಅದು ಆ ಊರಿನವರು ಎಂದೂ ಆಗಬಹುದು.

ಇನಿಶಿಯಲ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. 1956ರ ನವೆಂಬರ್ 1ರವರೆಗೆ ನಮ್ಮದು ಮುಂಬಯಿ ರಾಜ್ಯಕ್ಕೆ ಸೇರಿತ್ತು, ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಹೆಸರು ಬರೆಯುವ ರೂಢಿಯೂ ಅದೇ ಪ್ರಕಾರ. ನಮ್ಮಲ್ಲಿ ಮೊದಲು ಸ್ವಂತ ಹೆಸರು, ನಡುವೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು: ರಾಮಕೃಷ್ಣ ಮಹಾಬಲೇಶ್ವರ ಹೆಗಡೆ. ಇಲ್ಲಿ ಮಹಾಬಲೇಶ್ವರ ಎಂದರೆ ತಂದೆ. ಮದ್ರಾಸಿನ ಕಡೆ ಮೊದಲ ಇನಿಶಿಯಲ್ ಊರಿನದ್ದು ಅಥವಾ ಮನೆತನದ್ದು: ಕೌಡೂರು ಸದಾನಂದ ಹೆಗ್ಡೆ ಕೆ. ಎಸ್. ಹೆಗ್ಡೆಯಾದರು. ಅವರ ಮಗ ನಿಟ್ಟೆ ಸಂತೋಷ ಹೆಗ್ಡೆ, ಎನ್. ಸಂತೋಷ ಹೆಗ್ಡೆ. ಅಪ್ಪನಿಗೆ ಕೆ., ಮಗನಿಗೆ ಎನ್.! ಈ ರೂಢಿ ಗೊತ್ತಿಲ್ಲದವರು ಇಬ್ಬರಿಗೂ ಸಂಬಂಧವಿಲ್ಲ ಎಂದುಕೊಳ್ಳುತ್ತಾರೆ. ಹಾಗೇ ನಮ್ಮ ಕಡೆಯ ದಾಖಲೆಯಲ್ಲಿ ನಡುವಿನ ಹೆಸರನ್ನು ಸ್ವಂತ ಹೆಸರೆಂದು ಓದಿದರೆ ಮಗನ ಜಾಗದಲ್ಲಿ ಅಪ್ಪ ಬಂದು ಕೂರುತ್ತಾನೆ. ಫಲಕದಲ್ಲಿ ಇನಿಶಿಯಲ್ ಬಿಡಿಸಿಯೇ ಬರೆಯಿರಿ.

ಗೋಕರ್ಣದ ಮಹಾಬಲೇಶ್ವರ, ಇಡಗುಂಜಿಯ ಗಣಪತಿ, ಮಂಜುಗುಣಿಯ ವೆಂಕಟರಮಣ. ಈ ಮೂರು ದೇವರ ಹೆಸರು ನಮ್ಮಲ್ಲಿ ಮನೆಮನೆಗೂ ಇದೆ, ಮೇಲಿಂದ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ. ಹಾಗಾಗಿ ಒಂದೇ ಮನೆಯಲ್ಲಿ ಐವತ್ತು ವರ್ಷದ ಅಂತರದಲ್ಲಿ ಒಂದೇ ಹೆಸರಿನ ಇಬ್ಬರು ಸಿಗುತ್ತಾರೆ. ಇಸವಿ ಇಲ್ಲದ ಯಾವ ಮಾಹಿತಿಯನ್ನೂ ಇಳಿಸಿಕೊಳ್ಳಬೇಡಿ.

ಹುದ್ದೆಯಿಂದಲೂ ಬೆರಕೆಯಾಗುತ್ತದೆ. ಮೂರು ಕಡೆ ಎಚ್ಚರ.

"ಸ್ಪೀಕರ್ ಹೆಗಡೆ": ಕೆ. ಎಸ್. ಹೆಗ್ಡೆ 1977ರಿಂದ 1980ರ ಜನವರಿಯವರೆಗೆ ಲೋಕಸಭೆಯ ಸ್ಪೀಕರ್. ಅದಕ್ಕೂ ಮೊದಲು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿದ್ದು, ಹಿರಿತನ ಮೀರಿ ಬೇರೆಯವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ 1973ರಲ್ಲಿ ರಾಜೀನಾಮೆ ಕೊಟ್ಟವರು. ಕಾಗೇರಿಯವರು 2019ರಿಂದ 2023ರವರೆಗೆ ಕರ್ನಾಟಕ ವಿಧಾನಸಭೆಯ ಸ್ಪೀಕರ್, 2024ರಿಂದ ಉತ್ತರ ಕನ್ನಡದ ಸಂಸದ.

"ಲೋಕಾಯುಕ್ತ ಹೆಗಡೆ": ಲೋಕಾಯುಕ್ತ ಕಾನೂನು ಬಂದಿದ್ದು 1984ರಲ್ಲಿ, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿದ್ದಾಗ. 2006ರಿಂದ 2011ರವರೆಗೆ ಲೋಕಾಯುಕ್ತರಾಗಿದ್ದವರು ಸಂತೋಷ ಹೆಗ್ಡೆ. ಒಬ್ಬರ ಕಾಲದಲ್ಲಿ ಸಂಸ್ಥೆ ಹುಟ್ಟಿತು, ಇನ್ನೊಬ್ಬರು ಅದನ್ನು ನಡೆಸಿದರು. ಇಪ್ಪತ್ತು ವರ್ಷಕ್ಕೂ ಹೆಚ್ಚಿನ ಅಂತರ.

"ಅನಂತ": ಇಲ್ಲಿ ಇಬ್ಬರಲ್ಲ, ಮೂವರು. ಅನಂತಕುಮಾರ ಹೆಗಡೆ 1996ರಲ್ಲಿ ಮೊದಲು ಗೆದ್ದು, 1999ರ ಸೋಲೊಂದನ್ನು ಬಿಟ್ಟರೆ 2024ರವರೆಗಿನ ಲೋಕಸಭೆಗಳಲ್ಲಿ ನಮ್ಮ ಜಿಲ್ಲೆಯ ಸಂಸದರು. ಅನಂತ ಹೆಗಡೆ ಅಶೀಸರ ವೃಕ್ಷಲಕ್ಷ ಆಂದೋಲನದವರು, ಪಶ್ಚಿಮ ಘಟ್ಟ ಕಾರ್ಯಪಡೆ ಮತ್ತು ರಾಜ್ಯ ಜೀವವೈವಿಧ್ಯ ಮಂಡಳಿಯ ಅಧ್ಯಕ್ಷರಾಗಿದ್ದವರು. ಮೂರನೆಯವರು ಬೆಂಗಳೂರು ದಕ್ಷಿಣದ ಸಂಸದರಾಗಿದ್ದ ಅನಂತಕುಮಾರ್ (1959–2018), ಅವರು ಹೆಗಡೆಯೇ ಅಲ್ಲ. ಆದರೆ 2017–18ರಲ್ಲಿ ಇಬ್ಬರು ಅನಂತಕುಮಾರರೂ ಕೇಂದ್ರದಲ್ಲಿ ಮಂತ್ರಿಗಳಾಗಿದ್ದರು. ಆ ಎರಡು ವರ್ಷದ ಸುದ್ದಿಗಳನ್ನು ಖಾತೆ ನೋಡದೆ ಬಳಸಿದರೆ ತಪ್ಪುತ್ತದೆ.

ದಕ್ಷಿಣ ಕನ್ನಡದವರನ್ನು ಬಿಡಬೇಕೋ ಇಡಬೇಕೋ ಎಂಬುದು ನಿಮ್ಮ ತೀರ್ಮಾನ. ಇಟ್ಟರೆ ಬೇರೆ ಸಾಲಿನಲ್ಲಿ, "ಹೆಗ್ಡೆ" ಎಂಬ ಕಾಗುಣಿತದಲ್ಲೇ ಇಡಿ.

ಅಚ್ಚುಮನೆ_ಅಕ್ಕ

ಬರಹದ ವಿಷಯ ಬಲ್ಲವರು ಹೇಳಿದ್ದಾರೆ. ನಾನು ಹುಡುಕುವುದು ಮತ್ತು ಅಚ್ಚು ಹಾಕಿಸುವುದರ ಬಗ್ಗೆ ಹೇಳುತ್ತೇನೆ, ಅರ್ಧ ತಪ್ಪು ಅಲ್ಲೇ ಹುಟ್ಟುತ್ತದೆ.

ಕಂಪ್ಯೂಟರಿಗೆ ಹೆಗಡೆ, ಹೆಗ್ಡೆ, ಹೆಗ್ಗಡೆ ಮೂರೂ ಬೇರೆ ಬೇರೆ ಶಬ್ದ. ಮೂರನ್ನೂ ಕೊಟ್ಟು ಹುಡುಕಬೇಕು. ಅಕಾರಾದಿ ಜೋಡಿಸಿದಾಗ ಹೆಗಡೆ ಮೊದಲು, ಆಮೇಲೆ ಹೆಗ್ಗಡೆ, ಕೊನೆಗೆ ಹೆಗ್ಡೆ ಬರುತ್ತದೆ; ಒತ್ತಕ್ಷರ ಹಿಂದೆ ಬೀಳುವುದೇ ಕ್ರಮ, ಗಾಬರಿಯಾಗಬೇಡಿ.

"ಶಂಭು ಹೆಗಡೆ" ಎಂದು ಹುಡುಕಿದರೆ ಕೆಲವು ಪುಟ ಸಿಗುವುದೇ ಇಲ್ಲ. ಕಾರಣ, ತುಂಬ ಜನ ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ ಒತ್ತಿರುತ್ತಾರೆ. ಶಂಭು, ಶ೦ಭು. ಎರಡನ್ನೂ ಕಣ್ಣಿನಿಂದ ಬೇರೆ ಮಾಡುವುದು ಕಷ್ಟ, ಮೊದಲನೆಯದು ಅನುಸ್ವಾರ, ಎರಡನೆಯದು ಅಂಕಿ. ಅನುಮಾನ ಬಂದರೆ ಶ ಅಕ್ಷರಕ್ಕಿಂತ ಮೊದಲು ಕರ್ಸರ್ ಇಟ್ಟು ಬಲಬಾಣದ ಕೀ ಒಮ್ಮೆ ಒತ್ತಿ: ಅಂಕಿಯಾದರೆ ಕರ್ಸರ್ ಶ ಮತ್ತು ಸೊನ್ನೆಯ ನಡುವೆ ನಿಲ್ಲುತ್ತದೆ, ಅನುಸ್ವಾರವಾದರೆ ಅಕ್ಷರದ ಜೊತೆಗೇ ದಾಟುತ್ತದೆ. ಬೇರೆಡೆಯಿಂದ ನಕಲು ಮಾಡಿ ಅಂಟಿಸಿದ ಪಠ್ಯಕ್ಕೆ ಈ ಪರೀಕ್ಷೆ ಕಡ್ಡಾಯ, ಯಾಕಂದರೆ ಫಾಂಟ್ ಬದಲಿಸಿದಾಗ ಅಂಕಿ ಸೊನ್ನೆ ದೊಡ್ಡದಾಗಿ ಎದ್ದು ಕಾಣುತ್ತದೆ. ಯೂನಿಕೋಡಿಗೆ ಮೊದಲಿನ ಹಳೆಯ ನುಡಿ ಅಥವಾ ಬರಹ ತಂತ್ರಾಂಶದ ಕಡತಗಳಾದರೆ ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ ಅರ್ಕಾವತ್ತು ಇರುವ ಶಬ್ದಗಳನ್ನೆಲ್ಲ ಒಂದೊಂದಾಗಿ ನೋಡಿ. "ಕರ್ಣ" "ಕಣ೯" ಆಗಿರುವ ಸಾಧ್ಯತೆ ಇದೆ. ಅಲ್ಲಿಯೂ ಅಂಕಿ ಒಂಬತ್ತು ಅರ್ಕಾವತ್ತಿನ ವೇಷ ಹಾಕಿರುತ್ತದೆ.

ಎ3 ಅಡ್ಡ ಹಾಳೆಯಲ್ಲಿ ಎಡಗಡೆಯ ಮೂರನೇ ಒಂದು ಭಾಗ ಫೋಟೋಗೆ ಬಿಟ್ಟರೆ, 65 ಶಬ್ದ 24 ಪಾಯಿಂಟ್ ಅಕ್ಷರದಲ್ಲಿ ಹನ್ನೆರಡು ಹದಿಮೂರು ಸಾಲಿಗೆ ಕೂರುತ್ತದೆ. ಹೆಸರಿಗೆ 54 ಪಾಯಿಂಟ್ ಇರಲಿ. ಸಾಲುಗಳ ಅಂತರ 1.6ಕ್ಕಿಂತ ಕಡಿಮೆ ಮಾಡಬೇಡಿ. ಚಿಟ್ಟಾಣಿಯ ಟ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ದೂರದಿಂದ ಓದಲಾಗುವುದಿಲ್ಲ. ಮಳೆಗಾಲದಲ್ಲಿ ಇಡುವುದಾದರೆ ಲ್ಯಾಮಿನೇಶನ್ ಮಾಡಿದ ಕಾಗದ ಬೇಡ, ಅಂಚಿನಿಂದ ತೇವ ಒಳಸೇರಿ ಉಬ್ಬುತ್ತದೆ. 5 ಮಿ.ಮೀ. ಸನ್‌ಬೋರ್ಡ್ ಮೇಲೆ ವಿನೈಲ್ ಪ್ರಿಂಟ್ ಹಾಕಿಸಿ.

ಫೋಟೋ ವಿಷಯ: ಬಣ್ಣ ಹಚ್ಚಿ ಕಿರೀಟ ಕಟ್ಟಿದ ಮೇಲೆ ಯಾರ ಮುಖವೂ ಗುರುತಾಗುವುದಿಲ್ಲ. ಕೀಚಕನ ವೇಷದ ಒಂದು ಚಿತ್ರ ನಾಲ್ಕು ಜನರ ಹೆಸರಿನಲ್ಲಿ ಓಡಾಡುತ್ತಿರುತ್ತದೆ. ವೇಷವಿಲ್ಲದ ಚಿತ್ರ ದೊಡ್ಡದಾಗಿ, ವೇಷದ್ದು ಚಿಕ್ಕದಾಗಿ, ಪ್ರಸಂಗದ ಹೆಸರಿನ ಜೊತೆ ಹಾಕಿ. ಪ್ರಸಂಗ ಯಾವುದೆಂದು ಹೇಳಲು ಆಗದ ವೇಷದ ಚಿತ್ರ ಬಳಸಬೇಡಿ.

ಶಿರಸಿ_ಓದುಬಳಗ

ಮೂವರಿಗೂ ತುಂಬಾ ಧನ್ಯವಾದ. ದಕ್ಷಿಣ ಕನ್ನಡದವರನ್ನು ಬೇರೆ ಸಾಲಿಗೆ ಸರಿಸಿದ್ದೇವೆ. ಎರಡನೇ ಮಾದರಿ ಇದು, ದಯವಿಟ್ಟು ತಿದ್ದಿಕೊಡಿ:

"ರಾಮಕೃಷ್ಣ ಮಹಾಬಲೇಶ್ವರ ಹೆಗಡೆ. 1926–2004. ಸಿದ್ದಾಪುರದ ದೊಡ್ಮನೆ. 1983ರಿಂದ 1988ರವರೆಗೆ ಕರ್ನಾಟಕದ ಮುಖ್ಯಮಂತ್ರಿ. ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿ. ಇವರ ಕಾಲದಲ್ಲಿ ಜಿಲ್ಲಾ ಪರಿಷತ್, ಮಂಡಲ ಪಂಚಾಯತಿಗಳು ಬಂದವು, ಲೋಕಾಯುಕ್ತ ಕಾನೂನು ಬಂತು. 1998–99ರಲ್ಲಿ ಕೇಂದ್ರ ವಾಣಿಜ್ಯ ಮಂತ್ರಿ. ಲೋಕಾಯುಕ್ತರಾಗಿದ್ದ ಸಂತೋಷ ಹೆಗ್ಡೆ ಬೇರೆಯವರು."

ಇನ್ನೊಂದು ಸಂದೇಹ. ಪ್ರಶಸ್ತಿಯ ವರ್ಷ ಒಂದೊಂದು ಕಡೆ ಒಂದೊಂದು ಇದೆ. ಯಾವುದನ್ನು ಹಿಡಿಯಬೇಕು? ಬದುಕಿರುವವರಿಗೆ ಇಸವಿ ಹೇಗೆ ಹಾಕಬೇಕು?

ಹಳೇ_ದಫ್ತರ

ಚೆನ್ನಾಗಿದೆ. ಎರಡೇ ತಿದ್ದುಪಡಿ. "ಸಿದ್ದಾಪುರದ" ಎನ್ನುವುದನ್ನು "ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ" ಮಾಡಿ, ಕೊಡಗಿನಲ್ಲೂ ಉಡುಪಿ ಜಿಲ್ಲೆಯಲ್ಲೂ ಸಿದ್ದಾಪುರ ಇದೆ. ಜಿಲ್ಲಾ ಪರಿಷತ್ತಿನ ಜೊತೆ ಅಂದಿನ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್ ಅವರ ಹೆಸರು ಇರಲಿ. ಆ ಕೆಲಸವನ್ನು ಒಬ್ಬರ ಹೆಸರಿಗೇ ಬರೆದರೆ ನ್ಯಾಯವಲ್ಲ. ಶಬ್ದ ಹೆಚ್ಚಾದರೆ ವಾಣಿಜ್ಯ ಮಂತ್ರಿಯ ಸಾಲು ಬಿಡಬಹುದು.

ಪದ್ಮ ಪ್ರಶಸ್ತಿಗೆ ಘೋಷಣೆಯಾದ ವರ್ಷವನ್ನೇ ಹಿಡಿಯಿರಿ. ಗಣರಾಜ್ಯೋತ್ಸವದ ಹೊತ್ತಿಗೆ ಘೋಷಣೆ, ಪ್ರದಾನ ಕೆಲವು ತಿಂಗಳ ನಂತರ. ಸಾಮಾನ್ಯವಾಗಿ ಎರಡೂ ಒಂದೇ ವರ್ಷದಲ್ಲಿ ಬೀಳುತ್ತವೆ, ಆದರೆ ಕೋವಿಡ್ ಸಮಯದಲ್ಲಿ ತಪ್ಪಿತು. ಅಂಕೋಲಾ ತಾಲೂಕು ಹೊನ್ನಳ್ಳಿಯ ತುಳಸಿ ಗೌಡರ ಪದ್ಮಶ್ರೀ 2020ರದ್ದು, ಅವರು ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಅದನ್ನು ಪಡೆದದ್ದು 2021ರ ನವೆಂಬರಿನಲ್ಲಿ. ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿಗೂ ವರ್ಷ ಬೇರೆ, ಸಮಾರಂಭದ ದಿನ ಬೇರೆ.

ತುಳಸಿ ಗೌಡರ ಹೆಸರು ಬಂತೆಂದು ಇದನ್ನೂ ಹೇಳುತ್ತೇನೆ. ಹೆಗಡೆ ಮುಗಿದ ಮೇಲೆ ನೀವು ಗೌಡ ಅಡ್ಡಹೆಸರಿಗೆ ಕೈಹಾಕಿದರೆ ಇದೇ ತೊಂದರೆ ಎದುರಾಗುತ್ತದೆ. ಸುಕ್ರಿ ಬೊಮ್ಮಗೌಡ, ತುಳಸಿ ಗೌಡ: ಇಬ್ಬರೂ ಹಾಲಕ್ಕಿ ಒಕ್ಕಲಿಗರು, ಇಬ್ಬರೂ ಅಂಕೋಲಾ ತಾಲೂಕು, ಇಬ್ಬರಿಗೂ ಪದ್ಮಶ್ರೀ, ಇಬ್ಬರ ಉಡುಗೆಯೂ ಕೊರಳ ತುಂಬ ಮಣಿಸರವೂ ಒಂದೇ. ಎರಡು ತಿಂಗಳ ಅಂತರದಲ್ಲಿ ಇಬ್ಬರೂ ಹೋದರು: ತುಳಸಿ ಗೌಡ 2024ರ ಡಿಸೆಂಬರ್, ಸುಕ್ರಜ್ಜಿ 2025ರ ಫೆಬ್ರವರಿ. ಬಡಗೇರಿಯ ಸುಕ್ರಜ್ಜಿ ಹಾಡಿನವರು, ಸಾರಾಯಿ ವಿರೋಧಿ ಹೋರಾಟದವರು, ಪದ್ಮಶ್ರೀ 2017. ತುಳಸಜ್ಜಿ ಗಿಡದವರು, ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿ ಬೆಳೆಸಿದವರು. ಒಬ್ಬರ ಫೋಟೋಗೆ ಇನ್ನೊಬ್ಬರ ಹೆಸರು ಹಾಕಿದ ಫಲಕವನ್ನು ಅವರ ಊರಿನವರು ನೋಡುವಂತೆ ಆಗಬಾರದು.

ಬಡಗು_ಚೌಕಿ

ಬದುಕಿರುವವರಿಗೆ "(ಜನನ 1961)" ಎಂದಷ್ಟೇ ಹಾಕಿ. "1961–" ಎಂದು ಗೆರೆ ಎಳೆದು ಖಾಲಿ ಬಿಡಬೇಡಿ, ನೋಡುವವರಿಗೆ ಅದು ಕಾಯುತ್ತಿರುವಂತೆ ಕಾಣುತ್ತದೆ, ಮನೆಯವರಿಗೆ ನೋವಾಗುತ್ತದೆ. ಹಳೆಯ ತಲೆಮಾರಿನವರ ಜನ್ಮದಿನ ಜನವರಿ 1 ಅಥವಾ ಜೂನ್ 1 ಎಂದಿದ್ದರೆ ಅದು ಶಾಲೆಗೆ ಸೇರಿಸುವಾಗ ಬರೆಸಿದ ದಿನವೂ ಆಗಿರಬಹುದು, ಆದ್ದರಿಂದ ಫಲಕಕ್ಕೆ ಇಸವಿ ಸಾಕು.

"ಭಾಗವತ" ಎಂದಿರುವ ಕಡೆ ಒಮ್ಮೆ ನಿಲ್ಲಿ. ಕೆಲವರಿಗೆ ಅದು ಅಡ್ಡಹೆಸರು, ಕೆಲವರಿಗೆ ಮೇಳದಲ್ಲಿ ಹಾಡುವ ಕೆಲಸದ ಹೆಸರು. ಮನೆತನ ಹೆಗಡೆಯಾಗಿದ್ದು ಹೆಸರು ಭಾಗವತ ಎಂದೇ ಉಳಿದಿರುವವರು ನಿಮ್ಮ ಪಟ್ಟಿಯಿಂದ ತಪ್ಪಿಹೋಗಿರಬಹುದು. ಮೇಳದ ಹಳೆಯ ಕರಪತ್ರಗಳಲ್ಲಿ ಹಿಮ್ಮೇಳದ ಸಾಲು ನೋಡಿದರೆ ಕೆಲವರ ಪೂರ್ತಿ ಹೆಸರು ಅಲ್ಲಿ ಸಿಗುತ್ತದೆ. ಕರಪತ್ರದಲ್ಲಿ ತಾರೀಖು ಮತ್ತು ವಾರ ಮಾತ್ರ ಇದ್ದು ಇಸವಿ ಇಲ್ಲದಿದ್ದರೆ, ಆ ತಾರೀಖಿಗೆ ಆ ವಾರ ಯಾವ ಯಾವ ವರ್ಷ ಬಿದ್ದಿತ್ತು ಎಂದು ಹಳೆಯ ಪಂಚಾಂಗದಲ್ಲಿ ತಾಳೆ ನೋಡಿ. ಹತ್ತು ವರ್ಷದಲ್ಲಿ ಒಂದೆರಡು ಇಸವಿಯಷ್ಟೇ ಹೊಂದುತ್ತವೆ.